ತೊಟ್ಟಿಯಲ್ಲಿ ಸಾಕಿದ ಕಳೆ

ಎಲ್ಲಿಂದಲೋ ಬಂದು ಇಡೀ ಕೆರೆಯನ್ನೇ ನುಂಗಿ ನೀರು ಕುಡಿದಿದ್ದ ನೇರಳೆ ಹೂವಿನ ಕಳೆಗೆ ಊರಿನವರೆಲ್ಲ ಹಿಡಿಶಾಪ ಹಾಕುತ್ತಿದ್ದಾಗ, ಬುಟ್ಟಿಯಕ್ಕ ಮಾತ್ರ ಅದರ ದಂಟು ಒಣಗಿಸಿ, ಜಡೆಯ ಹಾಗೆ ಹೆಣೆದು ಲ್ಯಾಂಪ್‌ಶೇಡ್ ಮಾಡುತ್ತಿದ್ದಳು. ಅವಳ ಗಂಡ ದೋಣಿಯವನು. ಕಳೆಯಲ್ಲಿ ದೋಣಿ ಸಿಕ್ಕಿಕೊಂಡು ಕೆಲಸವಿಲ್ಲದೆ ಕೂತಿದ್ದ ಆ ಮಹಾರಾಯ, ಅದನ್ನು ಕೊಯ್ದು ತಂದು ಹೆಂಡತಿಯ ಮುಂದೆ ರಾಶಿ ಹಾಕುವ ಘನಕಾರ್ಯಕ್ಕೆ ಇಳಿದಿದ್ದ.

ಆಮೇಲೆ ಬಂದ ನೋಡಿ, ಡಿಸೈನರ್ ಸಾಹೇಬ! ಲ್ಯಾಂಪ್‌ಶೇಡನ್ನು ಮೂಸಿ, ತಟ್ಟಿ, ಕಣ್ಣು ಮುಚ್ಚಿ, "ಇದು ಬರೀ ವಸ್ತು ಅಲ್ಲ ಅಕ್ಕಾ, ಇದೊಂದು ಹೇಳಿಕೆ" ಅಂದ. ಅದೇನು ಹೇಳುತ್ತದೋ ಅವಳಿಗೆ ತಿಳಿಯಲಿಲ್ಲ. ಆದರೆ ಇಷ್ಟು ವರ್ಷ ಇಂಥವರ ಸೊಸೆ, ಇಂಥವನ ಹೆಂಡತಿ ಎಂದೇ ಸವೆದವಳಿಗೆ 'ಕಲಾವಿದೆ' ಅನ್ನಿಸಿಕೊಂಡು ಎದೆಯುಬ್ಬಿತು. ಕಳೆಯನ್ನು ಸೋಲಿಸಿದ ಕಥೆ ಹೇಳುವ ದೊಡ್ಡ ಪ್ರದರ್ಶನವಂತೆ, ಕೋಣೆ ತುಂಬ ಲ್ಯಾಂಪ್‌ಶೇಡ್ ಬೇಕಂತೆ, ಅವಳ ಕೈಯದೇ ಬೇಕಂತೆ.

ತೊಂದರೆ ಒಂದೇ: ಕಳೆ ನಿಜವಾಗಿಯೂ ಸೋತಿತ್ತು. ಗಂಡ ಅದನ್ನು ಬುಡಸಮೇತ ಕಿತ್ತು, ದೋಣಿಗೆ ಹೊಸ ಬಣ್ಣ ಬಳಿದು, ಜನರನ್ನು ಆಚೆ ದಡ ಮುಟ್ಟಿಸುತ್ತಾ ರಾಜನ ಗತ್ತಿನಲ್ಲಿದ್ದ.

ಸರಿ, ಬುಟ್ಟಿಯಕ್ಕ ದಡದ ಸಂದಿಯಲ್ಲಿ ಗಂಡನ ಕಣ್ಣು ತಪ್ಪಿಸಿ ಉಳಿದಿದ್ದ ನಾಲ್ಕಾರು ಗಿಡ ತಂದು ಹಿತ್ತಲ ತೊಟ್ಟಿಯಲ್ಲಿ ಸಾಕಿದಳು. ಊರಿಡೀ ಉಗಿದ ಕಳೆಗೆ ಬಾಣಂತಿಯ ಉಪಚಾರ! ಒಂದೆಲೆ ಹಳದಿಯಾದರೂ ಇವಳಿಗೆ ಊಟ ಸೇರದು. ಗಿಡಗಳೇನೋ ಕೊಬ್ಬಿದವು, ದಂಟು ಮಾತ್ರ ಗೇಣುದ್ದವೂ ಏಳದೆ ಗುಂಡಗೆ ಊದಿಕೊಂಡಿತು. ಹೆಣೆಯಲು ಉದ್ದ ದಂಟು ಬೇಕು. ಉದ್ದ ಬೆಳೆಯಬೇಕಾದರೆ ಕಳೆ ಒತ್ತೊತ್ತಾಗಿ, ಕಾಲಿಡಲು ಜಾಗವಿಲ್ಲದ ಹಾಗೆ ಕೆರೆ ತುಂಬಬೇಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಬಕೆಟ್ ಹಿಡಿದು ದಡಕ್ಕೆ ಬಂದವಳನ್ನು ದೋಣಿ ಕಟ್ಟುತ್ತಿದ್ದ ಗಂಡ ನೋಡಿದ.

"ಇದೇನೇ?"

"ಕಾಣಲ್ವಾ? ಗಿಡ."

"ಕೆರೆಗೆ ಬಿಡೋಕಾ?"

"ಹೌದು, ಏನೀಗ?" ಅವಳು ಜಗಳಕ್ಕೆ ಟೊಂಕ ಕಟ್ಟಿ ನಿಂತಳು.

ಅವನು ತಲೆ ಕೆರೆದುಕೊಂಡ. "ಬಿಡು ಮತ್ತೆ. ನಿನ್ನನ್ನ ಹುಡುಕ್ಕೊಂಡು ಜನ ಬಂದಿದ್ದು ಇದೇ ಮೊದ್ಲು. ದೋಣಿ ಮಾರಿದ್ರಾಯ್ತು. ನಾನು ಮೊದ್ಲಿನ ಹಾಗೆ ಕೊಯ್ದು ಕೊಡ್ತೀನಿ."

ಬೈದಿದ್ದರೆ ಹಟಕ್ಕೆ ಬಿದ್ದು ಸುರಿದೇಬಿಡುತ್ತಿದ್ದಳು. ಆದರೆ ಈ ಪುಣ್ಯಾತ್ಮ ನಿಜವಾಗಿಯೇ ಹೇಳುತ್ತಿದ್ದ.

"ನಿಮ್ಮ ತಲೆ! ದೋಣಿ ಮಾರ್ತಾರಂತೆ, ದೋಣಿ!" ಎಂದು ರೇಗಿ, ಬಕೆಟ್ಟನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬೋರಲು ಹಾಕಿ, ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು.