ಕಡಲಿಗೆ ಹೋಗದ ಸಾಮಾಲ್

ನಮ್ಮ ಫಾರೋ ದ್ವೀಪಗಳಲ್ಲಿ ಗಂಡಸಾಗಿ ಹುಟ್ಟಿ ಕಡಲಿಗೆ ಹೋಗದವನ ಪಾಡು ಯಾರಿಗೂ ಬೇಡ. ಸಾಮಾಲ್ ಹೋಗಲಿಲ್ಲ. ಹರೆಯದಲ್ಲಿ ನಾವಿಕನ ಪರೀಕ್ಷೆಗೆಂದು ತೋರ್ಶಾವ್ನ್ ಪೇಟೆಗೆ ಹೋದವನು ಮರುದಿನವೇ ಮರಳಿ, ತನಗೆ ಮನಸ್ಸಿಲ್ಲ ಎಂದುಬಿಟ್ಟ. ಅವನಪ್ಪ ಹಡಗಿನ ಯಜಮಾನ. ಸಾಯುವವರೆಗೂ ಮಗನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಊರಿನವರು ಅವನನ್ನು ಕಾಲು ನೆನೆಸದ 'ಒಣಗಾಲ' ಎಂದು ಕರೆದರು. ಬಂದರಿನಲ್ಲಿ ಬಲೆ ಹೆಣೆಯುತ್ತ, ಕುರಿ ಸಾಕುತ್ತ ಎಪ್ಪತ್ತು ದಾಟಿದ. ಯಾರು ಕೆಣಕಿದರೂ ನಕ್ಕು ಸುಮ್ಮನಾಗುತ್ತಿದ್ದ. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವನಿಗೆ ಆ ಬಾಯೇ ಇರಲಿಲ್ಲ.

ನಾನು ಅವನ ಶಾಲೆಯ ಜೊತೆಗಾತಿ. ಟೆಲಿಫೋನ್ ಕಚೇರಿಯಲ್ಲಿ ದುಡಿದು ತೋರ್ಶಾವ್ನಿನಲ್ಲೇ ಉಳಿದವಳು. ಹಾಗಾಗಿ ಊರಲ್ಲಿ ಯಾರ ಮನೆಯ ಇಂಟರ್ನೆಟ್ ಡಬ್ಬಿ ಕೆಟ್ಟರೂ ಫೋನ್ ಬರುವುದು ನನಗೇ.

ಮೊನ್ನೆ ಭಾನುವಾರ ಮಧ್ಯಾಹ್ನ ಸಾಮಾಲ್ ಫೋನ್ ಮಾಡಿದ. ಇಂಟರ್ನೆಟ್ ಸತ್ತಿದೆ, ಸಂಜೆಯೊಳಗೆ ಬರಲೇಬೇಕು, ಡೆನ್ಮಾರ್ಕಿನಲ್ಲಿರುವ ಮಗಳು ರನ್‌ವಾ ಹತ್ತಿರ ಮಾತಾಡಬೇಕು ಎಂದ. ಫೋನಿನಲ್ಲೇ ಮಾತಾಡು ಎಂದೆ. ಈ ಮಾತನ್ನು ಅವಳ ಮುಖ ನೋಡಿಕೊಂಡೇ ಹೇಳಬೇಕಂತೆ. ಅವಳ ಮಗ ನಾವಿಕ ಶಾಲೆಯ ಪರೀಕ್ಷೆಗೆ ಹೋಗುವುದು ಮರುದಿನವೇ ಅಂತೆ.

ರೂಟರಿನ ಪ್ಲಗ್ ಕೀಳಿಸಿ ಮತ್ತೆ ಹಾಕಿಸಿದೆ. ಮೇಲಿನ ದೀಪ ಯಾವ ಬಣ್ಣ ಎಂದು ಕೇಳಿದೆ. ಹಸಿರು ಎಂದ. ಹಸಿರಾದರೆ ಲೈನ್ ಸರಿಯಿದೆ, ತಪ್ಪು ಕಂಪ್ಯೂಟರಿನದು ಎಂದುಕೊಂಡು ಅದನ್ನೆಲ್ಲ ಜಾಲಾಡಿಸಿದೆ. ಪಾಸ್‌ವರ್ಡ್ ಮತ್ತೆ ಮತ್ತೆ ಒತ್ತಿಸಿದೆ. ಏನೂ ಆಗಲಿಲ್ಲ. ತಾಳ್ಮೆ ತಪ್ಪಿ ಮತ್ತೆ ದೀಪದ ಬಣ್ಣ ಕೇಳಿದೆ.

"ಯಾವ ಬಣ್ಣ ಇದ್ರೆ ಸರಿ, ಮರ್ಯುನ್?"

"ನನ್ನ ಕೇಳಿದ್ರೆ? ಕಣ್ಣು ನಿಂದು, ಡಬ್ಬಿ ನಿಂದು. ನೋಡಿ ಹೇಳೋ."

ಅವನು ಡಬ್ಬಿ ಕೆಳಗಿಟ್ಟ ಸದ್ದು ಕೇಳಿಸಿತು.

"ನಂಗೆ ಕೆಂಪು, ಹಸಿರು ಎರಡೂ ಒಂದೇ ಕಣೇ. ಹುಟ್ಟಿದಾಗಿಂದ."

ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಅದನ್ನು ಗುರುತಿಸಲಾರದವನ ಕೈಗೆ ಯಾರೂ ಹಡಗು ಕೊಡುವುದಿಲ್ಲ. ಅಂದು ಅವನನ್ನು ವಾಪಸು ಕಳಿಸಿದ್ದು ಕಣ್ಣಿನ ಡಾಕ್ಟರು. ಇಷ್ಟು ವರ್ಷ ಇಲ್ಲದ ಹೆಸರು ಹೊತ್ತೆಯಲ್ಲೋ, ಒಂದು ಮಾತು ಹೇಳಬಾರದಿತ್ತೇ ಎಂದು ರೇಗಿದೆ.

"ಇದು ತಾಯಿ ಕಡೆಯಿಂದ ಬರುತ್ತೆ ಅಂದ್ರು ಡಾಕ್ಟ್ರು. ಗೊತ್ತಾಗಿದ್ರೆ ಅಪ್ಪ ನಮ್ಮಮ್ಮನ್ನ ಸುಮ್ನೆ ಬಿಡ್ತಿದ್ನಾ? ಹೇಡಿ ಅಂದ್ರೆ ಬೈಗುಳ ನಂಗೊಬ್ಬನಿಗೇ."

ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಬಣ್ಣದ ಮಾತು ಬಿಟ್ಟು, ಡಬ್ಬಿಯ ಹಿಂದೆ ಕೈಯಾಡಿಸಿ ತಂತಿಗಳನ್ನು ಒಂದೊಂದಾಗಿ ಒತ್ತು ಎಂದೆ. ಬಲೆ ಹೆಣೆದ ಬೆರಳಿಗೆ ಸಡಿಲವಾದದ್ದು ಕೂಡಲೇ ಸಿಕ್ಕಿತು. ಉಣ್ಣೆಯ ಮೂಟೆ ಸರಿಸುವಾಗ ಎಳೆದುಕೊಂಡಿತ್ತಂತೆ. ಸ್ವಲ್ಪ ಹೊತ್ತಿಗೆ, ಮಿನುಗುತ್ತಿದ್ದ ದೀಪ ಈಗ ಒಂದೇ ಸಮನೆ ಉರಿಯುತ್ತಿದೆ ಎಂದ. ನನಗೆ ಅಷ್ಟು ಸಾಕಾಗಿತ್ತು.

ಮಗಳ ಮೂಲಕ ಮೊಮ್ಮಗನಿಗೂ ಇದು ಬಂದಿರಬಹುದು, ತನ್ನ ಹಾಗೆ ಅವನು ಯಾರೋ ಡಾಕ್ಟರ ಮುಂದೆ ಒಬ್ಬನೇ ನಿಂತು ತಿಳಿಯುವುದು ಬೇಡ ಎಂದು ಅವನ ಆತುರ. ಆದರೆ ರನ್‌ವಾಳ ಗತಿಯೇನು?

"ನನ್ನಿಂದ ಮಗಂಗೆ ಹೀಗಾಯ್ತು ಅಂತ ಅವಳು ಕೊರಗ್ತಾಳಲ್ಲೋ," ಎಂದೆ.

"ಕೊರಗೋಕೆ ಬಿಡಲ್ಲ. ನಿಂದಲ್ಲ ಮಗಳೇ, ನಂದು ಅಂತೀನಿ. ನಮ್ಮಮ್ಮಂಗೆ ಹಾಗೆ ಹೇಳೋರು ಯಾರೂ ಇರ್ಲಿಲ್ಲ."