ನೀಲಿ ಬಾರದ ಕೆನ್ನೆ

ಕಾನಸೂರಿನ ನಮ್ಮ ಚಿಕ್ಕಿ ಶಿರಸಿಯ ಲ್ಯಾಬಿನ ಹೊರಗೆ, ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಅವಳ ಕೆನ್ನೆಯ ಹುಣ್ಣಿನಿಂದ ತೆಗೆದ ಚೂರು ನನ್ನ ಕೈಯಲ್ಲಿತ್ತು. ಅದನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿಗೆ ಅಂಟಿಸಿ, ಬಣ್ಣ ಹಾಕುವುದು ನನ್ನ ಕೆಲಸ. ಬಣ್ಣ ಸರಿಯಾಗಿ ಕೂತರೆ ಒಂದೊಂದು ಜೀವಕೋಶದ ನಡುವೆಯೂ ನೀಲಿ ಬೊಟ್ಟು ಕಾಣಬೇಕು. ಇದು ಬರೀ ಹುಣ್ಣೋ ಕ್ಯಾನ್ಸರೋ ಎಂದು ತಿಳಿಯುವುದು ಆ ಬೊಟ್ಟಿನಿಂದಲೇ.

ಬೊಟ್ಟೇ ಇರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಕೆಂಪು. ಕಣ್ಣಿಲ್ಲದ ಮುಖಗಳು ಗುಂಪುಗೂಡಿ ನನ್ನತ್ತ ತಿರುಗಿ ನಿಂತಂತೆ. ಬಾಟಲಿ ಬದಲಿಸಿ ಇನ್ನೊಂದು ಪದರಕ್ಕೆ ಹಾಕಿದೆ. ಅವೇ ಮುಖಗಳು. ಮಟಮಟ ಮಧ್ಯಾಹ್ನ ನನ್ನ ಬೆನ್ನು ತಣ್ಣಗಾಯಿತು. ಬೊಟ್ಟುಗಳು ಬೇಕೆಂದೇ ಅಡಗಿಕೊಂಡಿವೆ ಅನ್ನಿಸಿ ಹೆದರಿಕೆಯಾಯಿತು, ಹೆದರಿದ್ದಕ್ಕೆ ಸಿಟ್ಟೂ ಬಂತು.

ಸಿಟ್ಟಿನಲ್ಲಿ ಕೈ ತೊಳೆಯಲು ಹೋದಾಗ ಹೊಳೆಯಿತು. ನೀರು! ಕೆಂಪು ಬಣ್ಣ ನೀಲಿಗೆ ತಿರುಗುವುದು ತೊಳೆಯುವ ನೀರಿನಲ್ಲಿ. ಅದಕ್ಕೆ ತುಸು ಕ್ಷಾರ ಬೇಕು. ಆ ವಾರವಷ್ಟೇ ಹೊಸ ಫಿಲ್ಟರ್ ಕೂರಿಸಿ ಎಲ್ಲರೂ ಬೀಗಿದ್ದೆವು. ಅದು ನೀರಿನ ಕ್ಷಾರವನ್ನೂ ಸೋಸಿಬಿಟ್ಟಿತ್ತು. ಅತಿ ಮಡಿಯೇ ಕೈಕೊಟ್ಟಿತ್ತು.

ಹೊರಗೆ ಬಂದು ಕೈಚಾಚಿದೆ. "ಚಿಕ್ಕಿ, ಒಂಚೂರು ಸುಣ್ಣ ಕೊಡು. ಕೆಲಸ ಇದ್ದು."

"ನೀನೂ ಕವಳ ಹಾಕಲೆ ಶುರು ಮಾಡಿದ್ಯನೇ?" ಎಂದು ಎಲೆಯಡಿಕೆಯ ಸಂಚಿ ಬಿಚ್ಚುತ್ತ ನಕ್ಕಳು. ನಗಲು ಬಾಯಿ ಪೂರ್ತಿ ತೆರೆಯಲಿಲ್ಲ.

ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಸ್ಲೈಡು ಇಳಿಸಿದೆ. ಉಳಿದಿದ್ದ ಕೊನೆಯ ಪದರ ಅದು. ಸುಣ್ಣ ಹೆಚ್ಚಾದರೆ ಗಾಜಿನಿಂದ ಎದ್ದು ತೇಲಿಹೋಗುತ್ತದೆ. ಕೆಂಪು ಮೆಲ್ಲಗೆ ಕಪ್ಪಿಟ್ಟಿತು, ಆಮೇಲೆ ನೀಲಿಯಾಯಿತು. ವರ್ಷಾನುಗಟ್ಟಲೆ ಆ ಕೆನ್ನೆಯನ್ನು ಸುಟ್ಟ ಸುಣ್ಣವೇ ಈಗ ಅದರ ಕಣ್ಣು ತೆರೆಸುತ್ತಿತ್ತು.

ಉಳಿದ ಬಣ್ಣವನ್ನೂ ಹಾಕಿ ನೋಡಿದೆ. ಕಣ್ಣುಗಳೆಲ್ಲ ತೆರೆದಿದ್ದವು. ಒಂದು ದೊಡ್ಡದು, ಇನ್ನೊಂದು ಸೊಟ್ಟ, ಒಂದರ ಮೇಲೊಂದು ಬಿದ್ದು, ಇರಬಾರದಷ್ಟು ಆಳದಲ್ಲೂ ಇದ್ದವು. ನೋಡಿ ಹೇಳುವುದು ನನ್ನ ಕೆಲಸವಲ್ಲ. ಆದರೂ ಇಷ್ಟು ವರ್ಷ ನೋಡಿದ ಕಣ್ಣು ಸುಮ್ಮನಿರುತ್ತದೆಯೇ? ಅವು ಕುರುಡಾಗಿದ್ದಾಗಲೇ ಚೆನ್ನಾಗಿತ್ತು ಅನ್ನಿಸಿತು.

ವರದಿ ಬರೆಯುವ ಡಾಕ್ಟರ ಮುಂದೆ ಸ್ಲೈಡು ಇಟ್ಟು, "ಬಣ್ಣ ಬಂದಿದೆ ಸಾರ್" ಎಂದೆ. ಅವರು ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ ಕೇಳಿದರು: "ಹೊರಗೆ ಕೂತವರು ನಿಮಗೆ ಏನಾಗಬೇಕು?"

"ಚಿಕ್ಕಿ. ನನ್ನನ್ನ ಸಾಕಿದವಳು."

ಅವರು ಎದ್ದು ನಿಂತು, ನಾನು ಕೂರಲೆಂದು ತಮ್ಮ ಕುರ್ಚಿಯನ್ನು ನನ್ನ ಕಡೆ ಎಳೆದರು.