ಅಕ್ಕನ ಎಡಗಿವಿಯ ಚಿತ್ರ

ಕನ್ನಡಿಯೆದುರು ನಿಂತು ಕಣ್ಣು, ಮೂಗು, ಅಳಿದುಳಿದ ಕೇಶಸಂಪತ್ತುಗಳನ್ನೆಲ್ಲ ಕೂಲಂಕಷವಾಗಿ ಪರಾಮರ್ಶಿಸುವ ನಾವು, ಕಿವಿಯನ್ನು ಮಾತ್ರ ಕನ್ನಡಕ ಸಿಕ್ಕಿಸುವ ಗೂಟವೆಂದೇ ಭಾವಿಸಿರುತ್ತೇವೆ, ಅಲ್ಲವೇ? ನನ್ನವಂತೂ ಮೇಷ್ಟರ ಕೈಯಲ್ಲಿ ಹಿಂಡಿಸಿಕೊಂಡೇ ಈ ವಿಸ್ತಾರಕ್ಕೆ ಬೆಳೆದವು. ಅವುಗಳೊಳಗೆ ಏನಿದೆಯೆಂಬ ಜಿಜ್ಞಾಸೆ ನನಗೆಂದೂ ಹುಟ್ಟಿರಲಿಲ್ಲ.

ಹುಟ್ಟಿದ್ದು, ಕಲ್ಯಾಣದುರ್ಗದಲ್ಲಿರುವ ನನ್ನ ಅಕ್ಕ ಬೈಕಿನಿಂದ ಬಿದ್ದಾಗ. ತಲೆಯ ಎಡಭಾಗ ರಸ್ತೆಗೆ ಬಡಿದು ಕಿವಿಯಿಂದ ರಕ್ತ ಬಂತಂತೆ. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ತುರುಕಿದರು. ರಕ್ತ ನಿಂತದ್ದೇ ವಾಸಿಯಾಯಿತೆಂದು ನಿಶ್ಚಿಂತರಾದರು. ವಾರಗಳು ಕಳೆದರೂ ಆ ಕಿವಿ ಕೇಳದಿದ್ದಾಗ ನಾನೇ ಹಿಂದೂಪುರಕ್ಕೆ ಕರೆಸಿಕೊಂಡೆ. ಡಾಕ್ಟರು ಎಣ್ಣೆಯ ಸುದ್ದಿ ಕೇಳಿ ಹಣೆ ಚಚ್ಚಿಕೊಂಡರು. ಒಳಗಿನ ಮೂಳೆ ನೋಡಬೇಕೆಂದು ಸ್ಕ್ಯಾನಿಂಗಿಗೆ ಬರೆದರು.

ಸ್ಕ್ಯಾನಿಂಗ್ ಕೋಣೆಯ ನರ್ಸಮ್ಮ 'ಓಲೆ ಬಿಚ್ಚಿ' ಎಂದದ್ದೇ ತಡ, ಅಕ್ಕ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

"ಗಂಡ ಬದುಕಿರುವಾಗ ಓಲೆ ಬಿಚ್ತಾರೇನಮ್ಮಾ?"

ಲೋಹವಿದ್ದರೆ ಚಿತ್ರ ಕೆಡುತ್ತದೆಂಬ ನನ್ನ ಪಾಂಡಿತ್ಯಪೂರ್ಣ ಉಪನ್ಯಾಸಕ್ಕೆ ಅವಳು ಸೊಪ್ಪು ಹಾಕಲಿಲ್ಲ. ಕೊನೆಗೆ ಭಾವನಿಗೇ ಫೋನು ಮಾಡಿ ಅವಳ ಕೈಗಿತ್ತೆ. ಅಭ್ಯಾಸಬಲದಿಂದ ಎಡಗಿವಿಗೇ ಹಿಡಿದಳು.

"ಮಾತೇ ಆಡ್ತಿಲ್ಲ ಕಣಪ್ಪ, ಏನಾಗೋಯ್ತೋ ಅವರ್ಗೆ!" ಎಂದವಳ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ನನಗೆ ಭಾವನ ಅರಚಾಟ ಸ್ಪಷ್ಟವಾಗಿ ಕೇಳುತ್ತಿತ್ತು. ಫೋನನ್ನು ಬಲಗಿವಿಗೆ ಬದಲಿಸಿದೆ.

"ಏಮೀ ಕಾದು, ಏನೂ ಆಗಲ್ಲ, ನಾನು ಗಟ್ಟಿಯಾಗೇ ಇದ್ದೀನಿ, ಬಿಚ್ಚು!" ಎನ್ನುತ್ತಿದ್ದ ಭಾವ.

ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು.

ಚಿತ್ರದಲ್ಲಿ ಬಿಳಿಯ ಮೂಳೆಯ ನಡುವೆ ಕೂದಲೆಳೆಯಷ್ಟು ಸಪೂರವಾದ ಕಪ್ಪು ಗೆರೆ. ಅದು ಒಳಗಿವಿಯನ್ನೇ ಸೀಳಿಕೊಂಡು ಹೋಗಿದೆ, ಆ ಕಿವಿ ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದರು. ಅಕ್ಕನಿಗೆ ಹೇಳುವ ಭಾರ ನನ್ನ ಪಾಲಿಗೆ ಬಂತು.

ಕಲ್ಯಾಣದುರ್ಗಕ್ಕೆ ಹೊರಟ ಬಸ್ಸು ಪೆನುಕೊಂಡ ದಾಟಿದರೂ ಹೇಳಲು ಬಾಯಿ ಬರಲಿಲ್ಲ. ಅವಳ ಎಡಕ್ಕೆ ಕೂತಿದ್ದವನು ಕಡೆಗೆ ಮೆಲ್ಲಗೆ, ನನಗೆ ನಾನೇ ಎಂಬಂತೆ, ಎಲ್ಲವನ್ನೂ ಹೇಳಿ ಮುಗಿಸಿದೆ. ಸದ್ಯ, ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಗಾಜಲ್ಲಿ ನಿನ್ ಬಾಯಾಡೋದು ಕಾಣ್ತೈತೆ ಕಣಪ್ಪ," ಎಂದಳು. "ಈ ಕಡೆ ಬಂದು ಹೇಳು."

ಜಾಗ ಬದಲಾಯಿಸಿ ಬಲಗಿವಿಗೆ ಹೇಳಿದೆ.

"ಇನ್ನೊಂದ್ಸಲ ಹೇಳು," ಎಂದಳು. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೆ ಹೇಳತೊಡಗಿದೆ. ಕೇಳಿಸಿತ್ತು; ಅಳುತ್ತಿದ್ದಳು.